ರಫೂ ಮನೆಯ ಸೊಸೆ

ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೇನೋ ಎನ್ನುವ ಹಾಗೆ ಎಳೆಗೆ ಎಳೆ ಸೇರಿಸಿ ನೇಯ್ದುಕೊಡುವುದಕ್ಕೆ ರಫೂ ಎನ್ನುತ್ತಾರೆ. ಈಗಿನವರಿಗೆ ಇದನ್ನೂ ಬಿಡಿಸಿ ಹೇಳಬೇಕು, ಏನು ಮಾಡುವುದು. ಕೋಟಿಗೆ ತೂತು ಬಿದ್ದರೆ ಅದನ್ನು ಮೂಲೆಗೆಸೆದು ಇನ್ನೊಂದು ಕೊಂಡುಬಿಡುತ್ತಾರೆ, ಯಾರ ಹೊಟ್ಟೆಯೂ ಚುರ್ ಎನ್ನುವುದಿಲ್ಲ. ಹಿಂದೆ ಮನೆಗೊಂದೇ ಒಳ್ಳೆಯ ಕೋಟು ಇರುತ್ತಿತ್ತು. ಅಪ್ಪನದು ಮಗನಿಗೆ, ಅಣ್ಣನದು ತಮ್ಮನಿಗೆ ಇಳಿದು ಬರುತ್ತಿತ್ತು. ಅದರ ಮೇಲೊಂದು ಕಿಡಿ ಬಿತ್ತೆಂದರೆ ಮನೆಮಂದಿಯೆಲ್ಲ ಊಟ ಬಿಟ್ಟವರ ಹಾಗೆ ಕೂತುಬಿಡುತ್ತಿದ್ದರು. ಆಮೇಲೆ ಯಾರಾದರೂ ಒಬ್ಬರು ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ದರ್ಜಿಗಳ ಬೀದಿಯ ಹಿಂದಿನ ಓಣಿಗೆ ಬರುತ್ತಿದ್ದರು.

ಆ ಓಣಿಯಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಮುಂದಿನ ಕೋಣೆಯಲ್ಲಿ ರಫೂ ಅಕ್ಕ ಇವತ್ತಿಗೂ ಕೂರುತ್ತಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ಸೂಜಿ ಹಿಡಿಯುವುದು ಎಡಗೈಯಲ್ಲಿ, ಹಾಗಾಗಿ ಬಟ್ಟೆಯ ಕೆಳಗಿಟ್ಟುಕೊಳ್ಳುವ ಬಲಗೈ ಬೆರಳಿನ ತುದಿ ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ಗಟ್ಟಿಯಾಗಿಹೋಗಿದೆ. ಮಾತು ಕಡಿಮೆ, ನಗು ಜಾಸ್ತಿ. ಈ ಹೆಂಗಸು ಒಂದು ಕಾಲದಲ್ಲಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದವಳು ಎಂದರೆ ಓಣಿಯ ಹೊಸಬರು ನಂಬುವುದಿಲ್ಲ. ಅವಳೇ ಹೇಳುತ್ತಾಳೆ, ತಾನು ಮನುಷ್ಯಳಾದದ್ದು ಈ ಮನೆಗೆ ಸೊಸೆಯಾಗಿ ಬಂದಮೇಲೆ ಎಂದು. ಕೇಳಿದವರು ಮಾತಿಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅವಳು ಹಾಗೆ ಮಾತಿಗೆ ಏನನ್ನೂ ಹೇಳುವವಳಲ್ಲ.

ಸೊಸೆಯಾಗಿ ಬಂದಾಗ ಮನೆಯಲ್ಲಿ ಇದ್ದದ್ದು ಮಾವ ಮತ್ತು ಗಂಡ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗಂಡ ಲಾರಿ ಓಡಿಸುತ್ತಿದ್ದ. ಹೋದರೆ ಹೋದ, ಬಂದರೆ ಬಂದ. ಒಳ್ಳೆಯವನೇ, ಆದರೆ ಮನೆಗೆ ಬಂದವನಿಗೆ ನಿದ್ದೆ ಮಾಡುವುದೇ ದೊಡ್ಡ ಕೆಲಸ. ಹೀಗಾಗಿ ಅವಳು ಸಿಟ್ಟು ಮಾಡಿಕೊಳ್ಳುವುದಕ್ಕೂ ಮನೆಯಲ್ಲಿ ಮಾವನವರನ್ನು ಬಿಟ್ಟರೆ ಗತಿ ಇರಲಿಲ್ಲ. ಅವರೋ, ಜಗಳ ಮಾಡಿದರೆ ಜಗಳಕ್ಕೆ ಸಿಗುವ ಆಸಾಮಿಯಲ್ಲ. ಅವಳು ಪಾತ್ರೆ ಕುಕ್ಕಿದರೆ, "ತಳ ಸೀಳಿದ್ರೆ ಅದನ್ನ ರಫೂ ಮಾಡೋಕೆ ನಂಗೆ ಬರಲ್ಲಮ್ಮಾ" ಎಂದು ಕೂತಲ್ಲಿಂದಲೇ ಹೇಳಿ ಮತ್ತೆ ಸೂಜಿಯ ಕಡೆ ತಿರುಗಿಬಿಡುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವನವರದೊಂದು ಪದ್ಧತಿ ಇತ್ತು. ತಯಾರಾದ ಬಟ್ಟೆಯನ್ನು ಗಿರಾಕಿಯ ಕೈಗೆ ಸುಮ್ಮನೆ ಕೊಡುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಹುಡುಕಿ ಎನ್ನುತ್ತಿದ್ದರು. ತೂತು ಇದ್ದದ್ದೆಲ್ಲಿ ಎಂದು ಗಿರಾಕಿಗೆ ಗೊತ್ತೇ ಇರುತ್ತದೆ. ಗೊತ್ತಿದ್ದೂ ಅದು ಕಣ್ಣಿಗೆ ಬೀಳಬಾರದು. ಬಿತ್ತೋ, ತುಟಿ ಪಿಟಕ್ಕೆನ್ನದೆ ಬಟ್ಟೆ ವಾಪಸು ಇಸಿದುಕೊಂಡು, ಅವನ ಎದುರಿಗೇ ಎಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅಯ್ಯೋ ಪರವಾಗಿಲ್ಲ ಬಿಡಿ, ಯಾರು ನೋಡುತ್ತಾರೆ ಎಂದು ಗಿರಾಕಿ ಅಂಗಲಾಚಿದರೂ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಹಾಗೆ ಬಿಚ್ಚಬೇಕಾಗಿ ಬರುತ್ತಿದ್ದದ್ದು ತೀರ ಅಪರೂಪ. ಹೆಚ್ಚಿನವರು ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣು ಕಿರಿದು ಮಾಡಿ, ಕೊನೆಗೆ ಎಂದೂ ಹರಿಯದೆ ನೆಟ್ಟಗಿದ್ದ ಜಾಗವನ್ನೇ ತೋರಿಸಿ, ಸಿಕ್ಕಿತು ಎಂದು ಕುಣಿದಾಡುತ್ತಿದ್ದರು. ಆಗ ಮಾವನವರ ಮುಖದಲ್ಲಿ ಬರುತ್ತಿದ್ದ ನಗುವನ್ನು ನೋಡಬೇಕಿತ್ತು. ಮೀಸೆಯ ಒಳಗೇ ಹುಟ್ಟಿ ಮೀಸೆಯ ಒಳಗೇ ಕರಗುವ ನಗು.

ಅವಳು ಸೂಜಿ ಹಿಡಿದದ್ದೂ ಸಿಟ್ಟಿನಿಂದಲೇ. ಇಡೀ ದಿನ ಕೂತು ಹೆಬ್ಬೆರಳಿನಷ್ಟು ತೂತು ಮುಚ್ಚುವುದು ಅದೇನು ಮಹಾ ವಿದ್ಯೆ ಎಂದು ಒಂದು ದಿನ ಅಂದುಬಿಟ್ಟಳು. ಮಾವನವರು ಬೇಜಾರು ಮಾಡಿಕೊಳ್ಳದೆ ಅವಳ ಗಂಡನ ಹರಿದ ಉಣ್ಣೆಯ ಕಾಲುಚೀಲ ಕೊಟ್ಟು, ಮಾಡು ಎಂದರು. ಅವಳು ಎಡಗೈಯಲ್ಲಿ ಸೂಜಿ ತೆಗೆದುಕೊಂಡು ಥಟ್ಟನೆ ಬಲಗೈಗೆ ಬದಲಾಯಿಸಿದಳು. ತವರಿನಲ್ಲಿ ಎಡಗೈ ಮುಂದೆ ಮಾಡಿದಾಗಲೆಲ್ಲ ಅದರ ಮೇಲೆ ಏಟು ಬಿದ್ದಿತ್ತು. ಅದನ್ನು ನೋಡಿದ ಮಾವನವರು, "ನಿಂಗೆ ಯಾವ ಕೈ ಬರುತ್ತೋ ಅದರಲ್ಲೇ ಮಾಡು. ಬಟ್ಟೆಗೇನು, ಯಾವ ಕೈ ಆದ್ರೂ ಒಂದೇ" ಎಂದರು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಆವತ್ತು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತುಕೊಂಡಿದ್ದು ಅವಳಿಗೆ ಈಗಲೂ ನೆನಪಿದೆ.

ಕಾಲುಚೀಲ ಮಾತ್ರ ಮುದುಡಿ ಒಣಗಿದ ಎಲೆಯ ಹಾಗಾಗಿತ್ತು. ಮಾವನವರು ಅದನ್ನು ಬೆರಳಿಗೆ ಹಾಕಿಕೊಂಡು ನೋಡಿ, ಇಷ್ಟು ಸಿಟ್ಟು ಯಾರ ಮೇಲೆ ಎಂದು ಕೇಳಿದರು. ಸಿಟ್ಟಿನಲ್ಲಿ ಕೈ ದಾರವನ್ನು ಬಿಗಿದು ಎಳೆಯುತ್ತದೆ, ಎಳೆ ಬಿಗಿದರೆ ಬಟ್ಟೆ ಸುಕ್ಕಾಗುತ್ತದೆ. ಅವಸರವಿದ್ದರೆ ಒಂದು ಎಳೆ ತಪ್ಪಿಹೋಗುತ್ತದೆ. ಮನಸ್ಸು ಬೇರೆಲ್ಲೋ ಇದ್ದರೆ ಮೇಲೆ ಬರಬೇಕಾದ ಎಳೆ ಕೆಳಗೆ ಹೋಗುತ್ತದೆ. ಒಳಗೆ ಏನು ನಡೆಯುತ್ತಿದೆಯೆಂದು ಬಟ್ಟೆ ಯಾರ ಮುಲಾಜೂ ಇಲ್ಲದೆ ತೋರಿಸಿಬಿಡುತ್ತದೆ. ಮಾವನವರೇ ಮನಸ್ಸು ಕೆಟ್ಟ ದಿನ ಸೂಜಿ ಮುಟ್ಟುತ್ತಿರಲಿಲ್ಲ. ಪೊರಕೆ ಹಿಡಿದು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಗುಡಿಸುತ್ತಿದ್ದರು. ಅವಳು ಬಂದ ಮೊದಲ ಕಾಲದಲ್ಲಿ ಓಣಿ ಬಹಳ ಚೊಕ್ಕಟವಾಗಿರುತ್ತಿತ್ತು ಎಂದು ಪಕ್ಕದ ಇಸ್ತ್ರಿಯವನು ಆಡಿಕೊಳ್ಳುವುದುಂಟು.

ಹೀಗೆ ಅವಳು ಬಟ್ಟೆಯ ಎದುರು ಕೂತು ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿತಳು. ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಳ್ಳುವುದು, ಅದೇ ಎಳೆಯಿಂದ ಉದ್ದಕ್ಕೆ ಹಾಸು ಹಾಕಿ ಅಡ್ಡಕ್ಕೆ ಹೊಕ್ಕು ಹೊಗಿಸುವುದು, ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿ ಒತ್ತುವುದು, ಒಂದೊಂದಾಗಿ ಕೈಗೆ ಹತ್ತಿತು. ಪಾತ್ರೆಗಳ ಸದ್ದು ಕಡಿಮೆಯಾಯಿತು. ಬೆಳಗಿನ ಬೆಳಕಿನಲ್ಲಿ ಅವರಿಬ್ಬರೂ ಎದುರುಬದುರಾಗಿ, ಮಾತಿಲ್ಲದೆ, ಒಂದೇ ಕಂಬಳಿಯ ಎರಡು ಕೊನೆ ಹಿಡಿದು ಕೂತಿರುತ್ತಿದ್ದ ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಎದೆ ತುಂಬಿ ಬರುತ್ತದೆ. ಅಷ್ಟು ನೆಮ್ಮದಿ ತನಗೆ ತವರಿನಲ್ಲಿಯೂ ಇರಲಿಲ್ಲ ಎನ್ನುತ್ತಾಳೆ.

ಮಾವನವರ ಕಣ್ಣು ಹೋಗತೊಡಗಿದ್ದು ಮೊದಲು ಕಪ್ಪು ಬಟ್ಟೆಯಲ್ಲಿ ಗೊತ್ತಾಯಿತು. ಈಗಿನ ಬಟ್ಟೆಯೇ ಸರಿಯಿಲ್ಲ ಎಂದರು. ಆಮೇಲೆ ಕಿಟಕಿಯ ಗಾಜು ಕೊಳಕಾಗಿದೆ ಎಂದರು, ಅವಳು ಗಾಜು ಒರೆಸಿದಳು. ಮತ್ತೆ ಒರೆಸು ಎಂದರು, ಮತ್ತೆ ಒರೆಸಿದಳು. ಕಡೆಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಾಗ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಆಗುವುದಲ್ಲ, ನಿಧಾನವಾಗಿ ಪೂರ್ತಿ ಹೋಗುತ್ತದೆ ಎಂದರು. ಮಾವನವರು ತಲೆಯಾಡಿಸಿ ಎದ್ದು ಬಂದರು. ದಾರಿಯಲ್ಲಿ, ಸದ್ಯಕ್ಕೆ ಕೆಲಸಕ್ಕೇನೂ ತೊಂದರೆಯಿಲ್ಲ, ಬೆರಳು ಇದೆಯಲ್ಲ ಎಂದರು. ಅವಳೂ ಹೌದು ಮಾವ ಎಂದಳು.

ಒಂದು ಮಧ್ಯಾಹ್ನ ಮಾವನವರು ಊಟ ಮಾಡಿ ಮಲಗಿದ್ದಾಗ ಅವರು ಮುಗಿಸಿಟ್ಟಿದ್ದ ಪ್ಯಾಂಟನ್ನು ಅವಳು ಎತ್ತಿ ನೋಡಿದಳು. ಎಳೆಗಳು ಒಂದರ ಮೇಲೊಂದು ಹತ್ತಿಕೊಂಡು ಗಂಟುಗಂಟಾಗಿದ್ದವು. ಸಂಜೆ ಗಿರಾಕಿ ಬರುವವನಿದ್ದ. ಬಂದು ಕಿಟಕಿಯ ಹತ್ತಿರ ಹಿಡಿದನೆಂದರೆ ಹುಡುಕುವುದೇ ಬೇಡ. ಅವಳು ಹಿಂದೆಮುಂದೆ ಯೋಚಿಸಲಿಲ್ಲ. ಬಾಗಿಲು ಓರೆ ಮಾಡಿ, ಎಲ್ಲ ಬಿಚ್ಚಿ, ಅವರು ಏಳುವಷ್ಟರಲ್ಲಿ ತಾನೇ ನೇಯ್ದು ಮೊದಲಿನ ಹಾಗೆ ಮಡಿಸಿ ಇಟ್ಟಳು. ಸಂಜೆ ಗಿರಾಕಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾವನವರ ಮೀಸೆಯೊಳಗೆ ಆ ನಗು ಬಂತು. "ನೋಡಿದೆಯಾ, ಕಣ್ಣು ಹೋದ್ರೂ ಕೈ ಹೋಗಿಲ್ಲ" ಎಂದರು. ಆ ಮುಖ ನೋಡಿದಮೇಲೆ ನಿಜ ಹೇಳುವುದಕ್ಕೆ ಯಾರಿಗೆ ತಾನೇ ಬಾಯಿ ಬರುತ್ತದೆ?

ಒಂದು ಸಲಕ್ಕೆಂದು ಮಾಡಿದ್ದು ದಿನನಿತ್ಯದ ಕೆಲಸವಾಯಿತು. ಮಧ್ಯಾಹ್ನ ಮಾವನವರ ಗೊರಕೆ ಶುರುವಾದ ಕೂಡಲೇ ಅವಳು ಬಿಚ್ಚಲು ಕೂರುತ್ತಿದ್ದಳು. ಗಿರಾಕಿಗಳು ಹೊಗಳಿದಾಗ ಅವರು ಹಿಗ್ಗುತ್ತಿದ್ದರು, ಅವರು ಹಿಗ್ಗಿದ್ದನ್ನು ನೋಡಿ ಅವಳು ಹಿಗ್ಗುತ್ತಿದ್ದಳು. ತಾನು ಎಂಥ ಒಳ್ಳೆಯ ಸೊಸೆ ಎಂದು ತನಗೇ ಅನಿಸುತ್ತಿದ್ದದ್ದೂ ಸುಳ್ಳಲ್ಲ. ರಜೆಗೆ ಬಂದ ಗಂಡನಿಗೆ ಹೇಳಿದರೆ ಅವನು, ಪುಣ್ಯದ ಕೆಲಸ, ಮುಂದುವರಿಸು ಎಂದು ಮಗ್ಗುಲು ತಿರುಗಿಸಿ ಮಲಗಿದ.

ಇದೆಲ್ಲ ಹೊರಬಿದ್ದದ್ದು ಪಿಟೀಲಿನ ಮೇಷ್ಟ್ರಿಂದ. ಅವರು ದೊಡ್ಡ ಸಭಾಂಗಣದ ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸುವವರು. ಇದ್ದದ್ದು ಒಂದೇ ಕರಿ ಕೋಟು. ಪಿಟೀಲನ್ನು ಗಲ್ಲದ ಕೆಳಗೆ ಒತ್ತಿ ಒತ್ತಿ ಅದರ ಎಡಗಡೆಯ ಕಾಲರು ಸವೆದುಹೋಗಿದ್ದಾಗ ಹಿಂದಿನ ಚಳಿಗಾಲದಲ್ಲಿ ರಫೂ ಮಾಡಿಸಿಕೊಂಡು ಹೋಗಿದ್ದರು. ಈ ಸಲ ಮೊಳೆಗೆ ಸಿಕ್ಕಿ ಕೋಟಿನ ಮೊಣಕೈ ಹರಿದುಕೊಂಡು ಬಂದಿದ್ದರು. ಮೊಣಕೈ ತೋರಿಸುವ ಮೊದಲು ಕಾಲರನ್ನು ಹೊಗಳಲು ಶುರುಮಾಡಿದರು. ಜೊತೆಯ ವಾದ್ಯದವರೆಲ್ಲ ಹುಡುಕಿ ಸೋತರಂತೆ. ಈ ಕಣ್ಣಿಟ್ಟುಕೊಂಡು ನೀವು ಮಾಡಿದ್ದೀರಲ್ಲ, ನಿಮಗೆ ಕೈ ಮುಗಿಯಬೇಕು ಎಂದರು. ಮಾವನವರಿಗೆ ಖುಷಿಯಾಯಿತು. ಎಲ್ಲಿ ಕೊಡಿ ನೋಡೋಣ ಎಂದು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಲರನ್ನು ಮಗುಚಿ ಒಳಮೈಯ ಮೇಲೆ ಬೆರಳಾಡಿಸಿದರು.

ಬೆರಳು ಒಮ್ಮೆ ಹೋಯಿತು, ಮತ್ತೆ ಬಂತು, ಅಲ್ಲೇ ನಿಂತಿತು. ಮೇಲ್ಮೈಯಲ್ಲಿ ಯಾವ ಕೈಯ ಕೆಲಸವೂ ಒಂದೇ. ಒಳಮೈಯ ಕಥೆ ಬೇರೆ. ಮಾವನವರ ಹಾಗೆ ಬಲಗೈಯವರು ಎಳೆಯ ತುದಿಯನ್ನು ಒಂದು ಕಡೆಗೆ ಮಲಗಿಸಿ ಮುಗಿಸಿದರೆ ಎಡಗೈಯವರು ಇನ್ನೊಂದು ಕಡೆಗೆ ಮಲಗಿಸುತ್ತಾರೆ. ಅಷ್ಟು ಎಚ್ಚರಿಕೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡುತ್ತಿದ್ದವಳಿಗೆ, ನೋಡುವವರ ಕಣ್ಣು ತಪ್ಪಿಸುವುದು ಹೊಳೆದಿತ್ತೇ ಹೊರತು ಮುಟ್ಟುವವರ ಬೆರಳು ಹೊಳೆದಿರಲಿಲ್ಲ. ಮಾವನವರು ಕಾಲರನ್ನು ಮೊದಲಿನ ಹಾಗೆ ಮಗುಚಿದರು. ಮೊಣಕೈಯ ಹರುಕು ಎಷ್ಟಿದೆಯೆಂದು ಕೇಳಿ, ಸ್ವಲ್ಪ ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋದಮೇಲೆ ಅವಳ ಕಡೆ ತಿರುಗಿದರು.

"ಈ ಕಾಲರು ಯಾರು ಮಾಡಿದ್ದು?"

"ನೀವೇ ಮಾವ."

"ನಾನೇನಾ?"

"ಮತ್ತಿನ್ಯಾರು?" ಎಂದಳು.

ಮಾವನವರು ಸರಿ ಎಂದರು. ಅಷ್ಟೇ. ಬೈಯಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಸೂಜಿಯನ್ನು ಬಟ್ಟೆಯ ದಿಂಬಿಗೆ ಚುಚ್ಚಿ, ಗೋಡೆಗೆ ಒರಗಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಅವರು ಕೆಲಸ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಹಾಕಿದ್ದನ್ನು ಉಣ್ಣುತ್ತಿದ್ದರು, ಮಾತಿಗೆ ಮಾತು ಆಡುತ್ತಿದ್ದರು. ಏನೂ ಆಗಿಲ್ಲವೇನೋ ಎನ್ನುವ ಹಾಗಿತ್ತು. ಆದರೆ ಒಂದು ಬದಲಾಗಿತ್ತು. ಸಂಜೆ ಓಣಿಯಲ್ಲಿ ಓಡಾಡಲು ಹೊರಡುವ ಮುಂಚೆ ಅವರು ಯಾವಾಗಲೂ ಬಾಗಿಲಲ್ಲಿ ನಿಂತು, ನನ್ನ ಅಂಗಿ ನೆಟ್ಟಗಿದೆಯೇನಮ್ಮಾ ಎಂದು ಅವಳನ್ನು ಕೇಳುತ್ತಿದ್ದರು. ಕಣ್ಣು ಮಂಜಾದಾಗಿನಿಂದ ಬಿಡದೆ ನಡೆದುಬಂದ ರೂಢಿ. ಈಗ ಅದನ್ನು ಕೇಳುವುದು ಬಿಟ್ಟರು. ಅವಳು ಒಳಗೆ ಕೆಲಸದಲ್ಲಿದ್ದಾಳೆಂದು ಕೇಳುತ್ತಿಲ್ಲ ಎಂದು ಮೊದಮೊದಲು ಅಂದುಕೊಂಡಳು. ಒಂದು ಸಂಜೆ ಬಾಗಿಲ ಮರೆಯಿಂದ ನೋಡುತ್ತಾಳೆ, ಮಾವನವರು ಮೆಟ್ಟಿಲಿಳಿದು ಇಸ್ತ್ರಿಯವನ ಮೇಜಿನ ಹತ್ತಿರ ಹೋಗಿ ಅಂಗಿಯ ಎದೆ ಸವರಿಕೊಳ್ಳುತ್ತ ಅವನನ್ನು ಕೇಳುತ್ತಿದ್ದಾರೆ. ಅವನಿಗೆ ಆಶ್ಚರ್ಯವಾಯಿತು.

"ಯಾಕಜ್ಜ, ಸೊಸೆ ಮನೇಲಿಲ್ವಾ?"

"ಇದ್ದಾಳೆ. ನೀನೇ ನೋಡಿ ಹೇಳಪ್ಪಾ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೊದಲು ಬಂದದ್ದು ಕೋಪವೇ. ಇಷ್ಟು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು, ಕಣ್ಣು ಕೆಂಪು ಮಾಡಿಕೊಂಡು ಇವರ ಮರ್ಯಾದೆ ಉಳಿಸಿದೆನಲ್ಲ, ಅದಕ್ಕೆ ಇದಾ ಪ್ರತಿಫಲ ಎಂದು ಒಳಗೇ ಹಲ್ಲು ಕಡಿದಳು. ಆ ಸಲ ಮನೆಗೆ ಬಂದಿದ್ದ ಗಂಡನ ಎದುರು ಹೇಳಿಕೊಂಡು ಅತ್ತಳು. ಅವನು ಸಮಾಧಾನ ಮಾಡಿ, ಅಪ್ಪನಿಗೆ ವಯಸ್ಸಾಯಿತು, ನೀವೇ ಮಾಡಿದ್ದು ಅಂತ ಸಾಧಿಸಿಬಿಡು, ಸ್ವಲ್ಪ ದಿನದಲ್ಲಿ ಮರೆತುಹೋಗುತ್ತಾರೆ ಎಂದ. ಅದೇ ಸರಿ ಎಂದು ಅವಳೂ ಅಂದುಕೊಂಡು, ಮರುದಿನ ಬೆಳಿಗ್ಗೆ ಯಾರದೋ ಶಾಲು ಹಿಡಿದು ಕೂತಳು. ಒಂದು ಬೆರಳಗಲ ನೇಯ್ದು ಬೆಳಕಿಗೆ ಹಿಡಿದರೆ ಶಾಲು ಸುಕ್ಕುಸುಕ್ಕಾಗಿತ್ತು. ಬಿಚ್ಚಿ ಮತ್ತೆ ಮಾಡಿದಳು, ಮತ್ತೆ ಸುಕ್ಕು. ಇಷ್ಟು ಸಿಟ್ಟು ಯಾರ ಮೇಲೆ ಎಂದು ಯಾರೂ ಕೇಳಲಿಲ್ಲ. ತಾನೇ ಕೇಳಿಕೊಂಡಳು. ಮಾವನವರ ಮೇಲೆ ಎಂದು ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ. ಕೇಳಿದಾಗ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದವಳು ತಾನು. ಅವರ ಕೆಲಸ ಬಿಚ್ಚಿದ್ದನ್ನು ಹೇಗೋ ಕ್ಷಮಿಸಬಹುದು, ಆ ಮಾತನ್ನು ಕ್ಷಮಿಸುವುದು ಹೇಗೆ? ಶಾಲನ್ನು ಮಡಿಸಿಟ್ಟು, ಅವರ ಎದುರು ಹೋಗಿ ನೆಲದ ಮೇಲೆ ಕೂತಳು.

"ಮಾವ, ಆ ಕಾಲರು ನಾನು ಮಾಡಿದ್ದು. ಅದೊಂದೇ ಅಲ್ಲ. ನೀವು ಮಾಡಿದ್ದನ್ನೆಲ್ಲ ಬಿಚ್ಚಿ ನಾನೇ ಮಾಡ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ."

ಮಾವನವರು ಮಡಿಲಲ್ಲಿದ್ದ ಕೈಗಳನ್ನು ಒಂದಕ್ಕೊಂದು ಸವರಿಕೊಂಡರು. ಹೊರಗೆ ಇಸ್ತ್ರಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು.

"ಕೈ ಹೋಗಿದೆ ಅಂತ ನಂಗೇ ಅನುಮಾನ ಇತ್ತಮ್ಮಾ. ಅದು ಹೋಗ್ಲಿ, ಒಂದಲ್ಲ ಒಂದು ದಿನ ಹೋಗೋದೇ. ಕಣ್ಣು ಪೂರ್ತಿ ಕತ್ತಲಾದ್ರೂ ನೀನಿದ್ದೀಯ ಅಂತ ಧೈರ್ಯವಾಗಿದ್ದೆ. ಬೆಳಗಾಯ್ತು ಅಂತ ನೀನು ಹೇಳಿದ್ರೆ ನಂಗೆ ಬೆಳಗು. ಬಾಗಿಲು ಹಾಕಿದೆ ಅಂದ್ರೆ ಹಾಕಿದೆ. ಇನ್ಮೇಲೆ ನಿನ್ನ ಮಾತೇ ತಾನೇ ನಂಗೆ ಕಣ್ಣು? ಅದರಲ್ಲೂ ತೂತಿದ್ರೆ ನಾನು ಎಲ್ಲಿಗೆ ಹೋಗಲಿ?"

ಅವಳಿಗೆ ಅಳು ಒತ್ತರಿಸಿ ಬಂತು. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವರು ಕೈ ಮುಂದೆ ಚಾಚಿ, ಆ ಕೋಟು ಕೊಡು, ಮೊಣಕೈ ನಾನೇ ಮಾಡುತ್ತೇನೆ ಎಂದರು. ಅವಳು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಆ ಮೊಣಕೈಗೆ ಅವರು ತೆಗೆದುಕೊಂಡ ಕಾಲದಲ್ಲಿ ಹಿಂದೆ ಒಂದು ಕಂಬಳಿಯನ್ನೇ ಮುಗಿಸುತ್ತಿದ್ದರು. ಬೆರಳಿನಿಂದ ಎಳೆ ಎಣಿಸುತ್ತಿದ್ದರು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಸೂಜಿ ಚುಚ್ಚಿಕೊಂಡರೆ ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಸೂಜಿ ಹಿಡಿಯುತ್ತಿದ್ದರು. ಮಧ್ಯಾಹ್ನ ಮಲಗಲು ಹೋಗುವಾಗ ಕೋಟನ್ನು ಅವಳ ಎದುರಿಗೇ ಬಿಟ್ಟು ಹೋಗುತ್ತಿದ್ದರು. ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಮಧ್ಯಾಹ್ನಗಳಷ್ಟು ಕಷ್ಟದ ಹೊತ್ತನ್ನು ತಾನು ಮತ್ತೆ ಕಳೆದಿಲ್ಲ ಎನ್ನುತ್ತಾಳೆ ರಫೂ ಅಕ್ಕ. ಎದ್ದು ಬಿಚ್ಚಲು ಹೋಗುತ್ತಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂರುತ್ತಿದ್ದಳಂತೆ.

ಒಂದು ಬೆಳಿಗ್ಗೆ ಮಾವನವರು ಕೊನೆಯ ಎಳೆ ಕತ್ತರಿಸಿ, ಅಂಗೈಯಿಂದ ಸವರಿ, ಕೋಟನ್ನು ಅವಳ ಕಡೆ ನೀಡಿದರು.

"ಕಿಟಕಿ ಹತ್ರ ಹೋಗಿ ಹುಡುಕು."

ಅವಳು ಹೋದಳು. ಹುಡುಕುವುದೇನು ಬಂತು, ಕರಿ ಬಟ್ಟೆಯ ಮೇಲೆ ಗಾಯ ಒಣಗಿದ ಹಾಗೆ ಅದು ಎದ್ದು ಕಾಣುತ್ತಿತ್ತು. ಮಾವನವರು ಉಸಿರು ಹಿಡಿದು ಕಾಯುತ್ತಿದ್ದರು, ಅವಳಿಗೆ ಬೆನ್ನಿನ ಮೇಲೇ ಅದು ಗೊತ್ತಾಗುತ್ತಿತ್ತು. ಪಿಟೀಲಿನ ಮೇಷ್ಟ್ರು ಒಳ್ಳೆಯವರು, ನೋಡಿದರೂ ನೋಡದವರ ಹಾಗೆ ಹಾಕಿಕೊಂಡು ಹೋಗುತ್ತಾರೆ. ಸಿಗಲಿಲ್ಲ ಮಾವ ಎಂದರೆ ಒಬ್ಬ ಮುದುಕನ ಮುಖ ಇನ್ನೊಂದು ಸಲ ಅರಳುತ್ತದೆ. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಅವಳು ನುಂಗಿಕೊಂಡಳು.

"ಕಾಣುತ್ತೆ ಮಾವ."

"ಎಲ್ಲಿ?"

ಅವಳು ಅವರ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದಳು.

"ತುಂಬಾ ಕಾಣುತ್ತಾ?"

"ಹೂಂ. ದೂರದಿಂದಾನೇ ಕಾಣುತ್ತೆ."

"ಹಾಗಾದ್ರೆ ಬಿಚ್ಚು" ಎಂದರು ಮಾವನವರು.

ಅವಳು ಅವರ ಮುಂದೆಯೇ ಕೂತು ಒಂದೊಂದೇ ಎಳೆ ಬಿಚ್ಚಿದಳು. ಬಿಚ್ಚಿದ್ದನ್ನೆಲ್ಲ ಅವರ ಅಂಗೈಯಲ್ಲಿ ಹಾಕುತ್ತ ಹೋದಳು. ಮೊದಮೊದಲು ಅವಳ ಕಣ್ಣಿಂದ ಇಳಿದ ನೀರೂ ಅಲ್ಲಿ ಬಿತ್ತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಪೂರ್ತಿ ಬಿಚ್ಚಿಯಾದಮೇಲೆ ಅವರು ಮುಷ್ಟಿ ಮುಚ್ಚಿ, ಇನ್ನು ನೀನು ಮಾಡು ಎಂದರು. ಅವಳು ಮಾಡುತ್ತಿರುವಷ್ಟು ಹೊತ್ತೂ ಪಕ್ಕದಲ್ಲೇ ಕೂತು, ಸೂಜಿ ಬಟ್ಟೆಯಲ್ಲಿ ಹೋಗಿ ಬರುವ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಅವರು ಸೂಜಿ ಹಿಡಿಯಲಿಲ್ಲ.

ಅವತ್ತು ಸಂಜೆ ಅವಳು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಾವನವರು ಅಂಗಿ ಬದಲಾಯಿಸಿ ಕೋಲು ಹಿಡಿದು ಬಾಗಿಲವರೆಗೆ ಹೋದದ್ದು ಕೇಳಿಸಿತು. ಮೆಟ್ಟಿಲಿನಾಚೆ ಇಸ್ತ್ರಿಯವನು ಯಾರೊಂದಿಗೋ ಮಾತಾಡುತ್ತಿದ್ದ. ಅವಳು ಮೊರ ಹಿಡಿದ ಕೈ ಹಾಗೇ ನಿಲ್ಲಿಸಿ ಕಾದಳು. ಕೋಲಿನ ಸದ್ದು ಮೆಟ್ಟಿಲಿಳಿಯಲಿಲ್ಲ, ಒಳಕ್ಕೆ ತಿರುಗಿತು.

"ನನ್ನ ಅಂಗಿ ನೆಟ್ಟಗಿದೆಯೇನಮ್ಮಾ?"

ಅವಳು ಮೊರ ಬಿಟ್ಟು ಎದ್ದು ಬಂದಳು.

"ಇಲ್ಲ ಮಾವ. ಗುಂಡಿ ಮೇಲೆಕೆಳಗೆ ಹಾಕ್ಕೊಂಡಿದ್ದೀರಿ."

"ಮತ್ತೆ ಸರಿ ಮಾಡು" ಎಂದು ಮಾವನವರು ಗಲ್ಲ ಮೇಲೆತ್ತಿ ನಿಂತರು.